ಅಂಗೈ ಹುಣ್ಣಿಗೂ ಕನ್ನಡಿ ಬೇಕು

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಎಂಬ ಗಾದೆಯನ್ನು ನಮ್ಮ ಜನರು ವಾದವನ್ನು ಮುಗಿಸುವ ಮಾತಾಗಿ ಆಡುವುದುಂಟು. ಕಣ್ಣೆದುರಿಗಿರುವುದಕ್ಕೆ ಸಾಕ್ಷಿ ಕೇಳುವವನು ಒಂದೋ ಮಂದಮತಿ, ಇಲ್ಲವೆ ಕಪಟಿ ಎಂಬುದು ಅದರ ಇಂಗಿತ. ಗಾದೆ ಸುಳ್ಳಲ್ಲ, ಆದರೆ ಅದು ಹುಣ್ಣಾದವನ ಕಡೆಯಿಂದ ಹುಟ್ಟಿದ ಮಾತು. ತನ್ನ ಅಂಗೈ ತನ್ನ ಕಣ್ಣಿಗೆ ಕಾಣುತ್ತದೆ, ನಿಜ. ನೂರಾರು ಮೈಲಿಗಳಾಚೆ ರಾಜಧಾನಿಯಲ್ಲಿ ಕುಳಿತು ಬೊಕ್ಕಸದ ಕೀಲಿಕೈ ಹಿಡಿದವರಿಗೆ ಅದು ಹೇಗೆ ಕಾಣಬೇಕು? ಅವರ ಮುಂದೆ ನಾಡಿನ ಎಲ್ಲ ಮೂಲೆಗಳವರೂ ಬಂದು ನಿಂತು, ತಂತಮ್ಮ ಅಂಗೈಯನ್ನು ಚಾಚಿ, 'ನಮ್ಮ ಹುಣ್ಣೇ ದೊಡ್ಡದು' ಎನ್ನುವಾಗ, ಯಾರದನ್ನು ಮೊದಲು ಕಟ್ಟಬೇಕೆಂಬ ನಿರ್ಣಯ ಯಾವುದರಿಂದ ಆಗಬೇಕು? ದನಿಯ ಎತ್ತರದಿಂದಲೆ? ಪರಿಚಯದ ಬಲದಿಂದಲೆ? ಅಥವಾ ಎಲ್ಲರೂ ಒಪ್ಪತಕ್ಕ ಒಂದು ಅಳತೆಯಿಂದಲೆ?

ಪ್ರಜಾಪ್ರಭುತ್ವದಲ್ಲಿ ವಾದಕ್ಕೂ ಪ್ರಮಾಣಕ್ಕೂ ಇರುವ ಸಂಬಂಧದ ಪ್ರಶ್ನೆ ಇದೇ. ಇದರ ಉತ್ತರವನ್ನು ಹುಡುಕಿಕೊಂಡು ಪರದೇಶಗಳಿಗೆ ಹೋಗಬೇಕಾದ ಅಗತ್ಯವಿಲ್ಲ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ, ಅರಕೇರಾಗಳ ನೆಲದಲ್ಲಿಯೇ ಅದರ ಕಥೆ ನಡೆದಿದೆ, ಇನ್ನೂ ಮುಗಿದಿಲ್ಲ.

ಲಿಖಿತ, ಭುಕ್ತಿ, ಸಾಕ್ಷಿ

ಪ್ರಮಾಣವನ್ನು ಕುರಿತ ವಿಚಾರ ಈ ಪ್ರದೇಶಕ್ಕೆ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಿಂದ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಭಾರತದ ಬಹುಭಾಗದಲ್ಲಿ ನ್ಯಾಯಸ್ಥಾನಗಳು ಶತಮಾನಗಳ ಕಾಲ ಆಧಾರವಾಗಿಟ್ಟುಕೊಂಡ ಆ ಗ್ರಂಥದಲ್ಲಿ ವ್ಯವಹಾರದ ವಿಚಾರಣೆಗೆ ಮೂರು ಮಾನುಷ ಪ್ರಮಾಣಗಳು ಹೇಳಲ್ಪಟ್ಟಿವೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದ ಪತ್ರ, ಅನುಭವಿಸಿಕೊಂಡು ಬಂದ ಸ್ಥಿತಿ, ಕಂಡವರ ಹೇಳಿಕೆ ಎಂದು ಇವುಗಳನ್ನು ಸರಳವಾಗಿ ಹೇಳಬಹುದು. ಈ ಮೂರೂ ಇಲ್ಲದ ಕಡೆ ಮಾತ್ರ ದಿವ್ಯ, ಅಂದರೆ ಬೆಂಕಿ, ನೀರು, ವಿಷಗಳ ಪರೀಕ್ಷೆ. ವಾದಿಯು ತನ್ನ ಪಕ್ಷವನ್ನು ಎಷ್ಟು ಚಂದವಾಗಿ ಮಂಡಿಸಿದರೂ ಪ್ರಮಾಣವಿಲ್ಲದೆ ಅದು ಪಕ್ಷವಾಗಿಯೇ ಉಳಿಯುತ್ತದೆ, ನಿರ್ಣಯವಾಗುವುದಿಲ್ಲ ಎಂಬುದು ಇದರ ತಿರುಳು.

ಲಿಖಿತವೊಂದು ವಾದವನ್ನು ಹೇಗೆ ನೆಲೆಗೆ ಮುಟ್ಟಿಸಬಲ್ಲದೆಂಬುದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿಯೇ ನಿದರ್ಶನ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಅರಸನೊಬ್ಬ ಕಾಣಿಸಿಕೊಂಡನು. ಸಿಂಹಳದ ಬೌದ್ಧಗ್ರಂಥಗಳ ಆಧಾರದಿಂದ ಅವನೇ ಮೌರ್ಯ ಅಶೋಕನೆಂದು ಜಾರ್ಜ್ ಟರ್ನರ್ ಮೊದಲಾದವರು ಊಹಿಸಿದರು. ಊಹೆ ಬಲವಾಗಿತ್ತು, ಆದರೂ ಊಹೆಯೇ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಸಿ. ಬೀಡನ್ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಕಂಡುಹಿಡಿದ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇತ್ತು. ಎಪ್ಪತ್ತೆಂಟು ವರ್ಷಗಳ ಊಹೆ ಅಂದಿಗೆ ನಿಶ್ಚಯವಾಯಿತು.

ವಿದ್ವಾಂಸರ ವಾದ ಹೀಗೆ ಒಂದು ಕಲ್ಲಿನಿಂದ ಮುಗಿಯಬಹುದು. ರಾಜ್ಯಾಡಳಿತದ ವಾದ ಮುಗಿಯುವುದಿಲ್ಲ. ಅಲ್ಲಿ ಪ್ರಮಾಣ ದೊರೆತ ಮೇಲೂ ಹಂಚಿಕೆಯ ಪ್ರಶ್ನೆ ಇರುತ್ತದೆ. ಹಂಚಿಕೆಯೆಂದ ಮೇಲೆ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಇಲ್ಲವಾಗುತ್ತದೆ. ಆದಕಾರಣ ಇಲ್ಲಿ ಪ್ರಮಾಣವು ವಾದವನ್ನು ಮುಗಿಸುವುದಕ್ಕಿಂತ ಹೆಚ್ಚಾಗಿ ಅದರ ಸ್ವರೂಪವನ್ನೇ ಬದಲಿಸುತ್ತದೆ.

ಮೂರು ಪಾಲಿನ ಒಂದು ಮನೆ

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವು ಮೂರು ಪಾಲಾಯಿತು. ತೆಲಂಗಾಣವು ಆಂಧ್ರಪ್ರದೇಶಕ್ಕೂ, ಮರಾಠವಾಡವು ಅಂದಿನ ಮುಂಬಯಿ ರಾಜ್ಯಕ್ಕೂ, ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ನಾಡು ಅಂದಿನ ಮೈಸೂರು ರಾಜ್ಯಕ್ಕೂ ಸೇರಿದವು. ಒಂದೇ ಮನೆಯ ಮೂವರಲ್ಲಿ ಮರಾಠವಾಡದ ಹೆಸರು ಆ ವರ್ಷವೇ ಸಂವಿಧಾನದ 371ನೆಯ ವಿಧಿಯಲ್ಲಿ ಸೇರಿತು. ತೆಲಂಗಾಣವನ್ನೊಳಗೊಂಡ ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯಿಂದ 371(ಡಿ) ವಿಧಿ ದೊರೆತು, ವಿದ್ಯೆ ಮತ್ತು ಉದ್ಯೋಗಗಳಲ್ಲಿ ಸ್ಥಳೀಯರಿಗೆ ರಕ್ಷಣೆ ಬಂದಿತು. ಮೂರನೆಯ ಪಾಲಿನವರಾದ ಕನ್ನಡಿಗರಿಗೆ ಅಂಥ ರಕ್ಷಣೆ ಇರಲಿಲ್ಲ.

ವೈಜನಾಥ ಪಾಟೀಲರಂಥ ನಾಯಕರು ದಶಕಗಳ ಕಾಲ ಎತ್ತಿ ಹೇಳಿದ ವಾದ ಇದೇ: ಒಂದೇ ಇತಿಹಾಸದ ಮೂವರಲ್ಲಿ ಇಬ್ಬರಿಗೆ ಸಂದದ್ದು ಮೂರನೆಯವರಿಗೇಕೆ ಸಲ್ಲಬಾರದು? ಇದು ಪೂರ್ವನಿದರ್ಶನದ ವಾದ, ನ್ಯಾಯದ ವಾದ. ಇದಕ್ಕೆ ಎದುರುವಾದವೂ ಇತ್ತು. ಹಿಂದುಳಿದ ಪ್ರದೇಶಗಳು ಎಲ್ಲ ರಾಜ್ಯಗಳಲ್ಲಿಯೂ ಇವೆ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಹಿಂದುಳಿದಿರುವಿಕೆಗೆ ಮದ್ದು ಅಭಿವೃದ್ಧಿಯೇ ಹೊರತು ಸಂವಿಧಾನದ ತಿದ್ದುಪಡಿಯಲ್ಲ ಎಂಬುದು ಅದರ ಸಾರ. ಕೇಂದ್ರ ಸರ್ಕಾರವು ಈ ಬೇಡಿಕೆಯನ್ನು ಒಮ್ಮೆ ತಿರಸ್ಕರಿಸಿಯೂ ಇತ್ತು. ಎರಡೂ ಕಡೆಯ ಮಾತಿನಲ್ಲಿ ಯುಕ್ತಿಯಿತ್ತು. ಇರದೆ ಇದ್ದುದು ಅಳತೆ.

ಒಂದಕ್ಕೆ ಅರ್ಧ

ಆ ಅಳತೆಯನ್ನು ಒದಗಿಸಿಕೊಟ್ಟವರು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ 2000ದ ಅಕ್ಟೋಬರಿನಲ್ಲಿ ನೇಮಕಗೊಂಡ ಉನ್ನತಾಧಿಕಾರ ಸಮಿತಿಯು ಅವರ ಅಧ್ಯಕ್ಷತೆಯಲ್ಲಿ 2002ರ ಜೂನ್ ತಿಂಗಳಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ಇಷ್ಟು ಬಾರಿ ಉಲ್ಲೇಖಗೊಂಡ ವರದಿಗಳು ವಿರಳ. ಉಲ್ಲೇಖಿಸುವವರೆಲ್ಲ ಅದನ್ನು ಓದಿದ್ದಾರೆಂದು ಮಾತ್ರ ಹೇಳಲಾಗದು. ಆದುದರಿಂದ ಅದರ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ.

ಸಮಿತಿಯು ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿತು. ತೂಗಲು ಬಳಸಿದ ಸೂಚಕಗಳು 35. ಕೃಷಿ, ಕೈಗಾರಿಕೆ, ವ್ಯಾಪಾರ ಮತ್ತು ಹಣಕಾಸು, ರಸ್ತೆ ಮೊದಲಾದ ಆರ್ಥಿಕ ಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದ ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಐದು ಬಗೆಗಳಲ್ಲಿ ಅವು ಹಂಚಿಕೊಂಡಿದ್ದವು. ಪ್ರತಿಯೊಂದರಲ್ಲಿಯೂ ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ತಾಲ್ಲೂಕಿನ ಸ್ಥಿತಿಯನ್ನು ಅದಕ್ಕೆ ಹೋಲಿಸಿ, ಎಲ್ಲವನ್ನೂ ಕೂಡಿಸಿ ಒಂದು ಸಮಗ್ರ ಸೂಚ್ಯಂಕವನ್ನು ಕಂಡುಕೊಂಡರು. ಸೂಚ್ಯಂಕ ಒಂದಕ್ಕಿಂತ ಕಡಿಮೆಯಿದ್ದ ತಾಲ್ಲೂಕುಗಳು 114. ಅವುಗಳಲ್ಲಿ 35 ಹಿಂದುಳಿದವು, 40 ಹೆಚ್ಚು ಹಿಂದುಳಿದವು, 39 ಅತ್ಯಂತ ಹಿಂದುಳಿದವು ಎಂದು ವಿಂಗಡಿಸಲಾಯಿತು. ಈ 39ರ ಪೈಕಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. ಇಡೀ ರಾಜ್ಯದ ಪಟ್ಟಿಯ ಕಟ್ಟಕಡೆಯಲ್ಲಿ, 0.53 ಎಂಬ ಅಂಕದೊಡನೆ, ನಿಂತ ತಾಲ್ಲೂಕು ದೇವದುರ್ಗ. ರಾಜ್ಯದ ಸರಾಸರಿ ಒಂದು ರೂಪಾಯಿಯಾದರೆ ದೇವದುರ್ಗದ್ದು ಐವತ್ತಮೂರು ಪೈಸೆ ಎಂದು ಸ್ಥೂಲವಾಗಿ ಹೇಳಬಹುದು.

ಈ ಲೆಕ್ಕದಿಂದ ವಾದದಲ್ಲಿ ಮೂರು ಬದಲಾವಣೆಗಳಾದವು.

ಮೊದಲನೆಯದು, ಘಟಕದ ಬದಲಾವಣೆ. ಜಿಲ್ಲೆಯನ್ನು ಘಟಕವಾಗಿಟ್ಟು ನೋಡುವಾಗ ಜಿಲ್ಲಾಕೇಂದ್ರದ ಆಸ್ಪತ್ರೆ, ಕಾಲೇಜು, ರೈಲು ನಿಲ್ದಾಣಗಳ ನೆರಳಿನಲ್ಲಿ ದೂರದ ತಾಲ್ಲೂಕುಗಳ ಬಡತನ ಮರೆಯಾಗುತ್ತದೆ. ತಾಲ್ಲೂಕನ್ನು ಘಟಕವಾಗಿಟ್ಟ ಕೂಡಲೆ ಆ ಮರೆ ಸರಿಯಿತು.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ಅದುವರೆಗೆ ವಾದವು 'ಉತ್ತರ' ಮತ್ತು 'ದಕ್ಷಿಣ' ಎಂಬ ಎರಡು ಬಣಗಳ ಜಗಳವಾಗಿ ನಡೆಯುತ್ತಿತ್ತು. ಅತ್ಯಂತ ಹಿಂದುಳಿದ 39ರಲ್ಲಿ ಉತ್ತರ ಕರ್ನಾಟಕದವು 26 ಎಂಬುದು ಉತ್ತರದವರ ಅಳಲಿಗೆ ಆಧಾರ ಕೊಟ್ಟಿತು; ಉಳಿದ 13 ಬೆಂಗಳೂರು, ಮೈಸೂರು ವಿಭಾಗಗಳಲ್ಲಿವೆ ಎಂಬುದು ಆ ಅಳಲನ್ನು ವಿಶಾಲಗೊಳಿಸಿತು. ಪಾವಗಡ, ಹೆಗ್ಗಡದೇವನಕೋಟೆಗಳೂ ಅದೇ ಪಟ್ಟಿಯಲ್ಲಿದ್ದವು. ದೇವದುರ್ಗದ ರೈತನಿಗೂ ಪಾವಗಡದ ರೈತನಿಗೂ ಇರುವ ಸಂಬಂಧ, ಅವರವರ ಭಾಗದ ಮುಖಂಡರು ಹೇಳುತ್ತಿದ್ದ ವೈರದ್ದಲ್ಲ, ಒಂದೇ ಪಂಕ್ತಿಯ ಕೊನೆಯಲ್ಲಿ ಕುಳಿತವರ ಸಂಬಂಧ ಎಂದು ಅಂಕಿಗಳು ತೋರಿಸಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಬೇಕೆಂದೂ, ಅದರಲ್ಲಿ ನೂರಕ್ಕೆ 60 ಪಾಲು ಉತ್ತರಕ್ಕೆ, 40 ಪಾಲು ದಕ್ಷಿಣಕ್ಕೆ ಸಲ್ಲಬೇಕೆಂದೂ ಸಮಿತಿ ಶಿಫಾರಸು ಮಾಡಿದ್ದು ಈ ತರ್ಕದಿಂದಲೇ. ಕೊಡುವ ಪ್ರಮಾಣವು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು ಎಂಬ ತತ್ತ್ವವನ್ನು ಎದುರುಪಕ್ಷದವರೂ ಸುಲಭವಾಗಿ ಅಲ್ಲಗಳೆಯಲಾರರು.

ಮೂರನೆಯ ಬದಲಾವಣೆಯನ್ನು ಮಾನ್ವಿ, ಸಿಂಧನೂರುಗಳಲ್ಲಿ ಕಾಣಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬತ್ತದ ಕಣಜವೆನಿಸಿದ ಈ ತಾಲ್ಲೂಕುಗಳನ್ನು ಕಂಡ ಪ್ರಯಾಣಿಕನು ಇವು ಸಮೃದ್ಧವೆಂದು ಆಣೆ ಮಾಡಿ ಹೇಳಿಯಾನು. ಆದರೆ ದೇವದುರ್ಗ, ಲಿಂಗಸುಗೂರುಗಳ ಜೊತೆಗೆ ಮಾನ್ವಿ, ಸಿಂಧನೂರುಗಳೂ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು! ಗದ್ದೆ ಹಸುರಾದ ಮಾತ್ರಕ್ಕೆ ಶಾಲೆ, ಆಸ್ಪತ್ರೆ, ಉದ್ಯೋಗಗಳು ತಾವಾಗಿ ಬರುವುದಿಲ್ಲ ಎಂಬುದು ಇದರ ಅರ್ಥ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಹೇಳಿದ್ದು ಇಂಥ ಪ್ರಸಂಗಗಳಿಗಾಗಿಯೇ ಇರಬೇಕು.

ಲೆಕ್ಕ ಬಂದ ಮೇಲೂ ಸಂವಿಧಾನ ತಿದ್ದುಪಡಿಯಾಗಲು ಹತ್ತು ವರ್ಷ ಹಿಡಿಯಿತು. ರಾಜ್ಯದ ಶಾಸನಸಭೆಗಳು 2010ರಲ್ಲಿ ನಿರ್ಣಯ ಸ್ವೀಕರಿಸಿದವು. 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ವಿಧಿಯನ್ನು ಅಂಗೀಕರಿಸಿತು. ಮರುವರ್ಷ ಅದು ಜಾರಿಗೆ ಬಂದಿತು. ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಅರಕೇರಾದ ಹುಡುಗಿಯೊಬ್ಬಳು ಇಂದು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವುದಾದರೆ, ಅವಳ ಬೆನ್ನ ಹಿಂದೆ ಅವಳ ಪರಿಶ್ರಮದ ಜೊತೆಗೆ ಬೀದಿಯಲ್ಲಿ ನಿಂತು ಕೂಗಿದವರ ದನಿಯೂ, ಅಂಕಿಗಳನ್ನು ಕೂಡಿಸಿದವರ ತಾಳ್ಮೆಯೂ ಇವೆ. ಒಂದು ಇಲ್ಲದಿದ್ದರೆ ಇನ್ನೊಂದು ಸಾಲುತ್ತಿರಲಿಲ್ಲ.

ಅಳತೆ ಹೇಳದ ಮಾತು

ಹೀಗೆಂದು ಅಂಕಿಯನ್ನು ದೇವರನ್ನಾಗಿ ಪೂಜಿಸಬೇಕೆಂದು ಯಾರೂ ಭಾವಿಸಬಾರದು. ಸೂಚ್ಯಂಕವು ಒಂದು ಜರಡಿ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಜರಡಿಯ ಕಣ್ಣಿನ ಅಳತೆಯ ಮೇಲೆ ಹೋಗುತ್ತದೆ. 35 ಸೂಚಕಗಳನ್ನು ಆರಿಸಿದವರು ಮನುಷ್ಯರು. ಅವುಗಳಿಗೆ ತೂಕ ಕೊಟ್ಟವರೂ ಮನುಷ್ಯರು. ಆ ಆಯ್ಕೆಯಲ್ಲಿಯೇ ಒಂದು ವಾದ ಅಡಗಿರುತ್ತದೆ. ಅದನ್ನು ಬಿಚ್ಚಿ ನೋಡುವುದು ಅಂಕಿಗೆ ಮಾಡುವ ಅಪಚಾರವಲ್ಲ, ಸಲ್ಲಿಸುವ ಗೌರವ.

ಗುಳೆಯ ವಿಷಯವನ್ನೇ ತೆಗೆದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಈ ಭಾಗದ ಸಂಸಾರಗಳು ಬೆಂಗಳೂರು, ಹೈದರಾಬಾದು, ಪುಣೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಬಾಗಿಲಿಗೆ ಬೀಗ ಬೀಳುತ್ತದೆ, ಮುದುಕರು ಉಳಿಯುತ್ತಾರೆ, ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಕ್ಕಳು ಇರುವುದಿಲ್ಲ. ಆ ದುಡಿಮೆಯ ಫಲ ಬೆಂಗಳೂರಿನ ಲೆಕ್ಕದಲ್ಲಿ ಏಳಿಗೆಯಾಗಿ ತೋರುತ್ತದೆ. ಅದರ ವೆಚ್ಚ ದೇವದುರ್ಗದ ಲೆಕ್ಕದಲ್ಲಿ ಕೊರತೆಯಾಗಿ ತೋರುತ್ತದೆ. ಒಂದೇ ಜೀವದ ಎರಡು ಅರ್ಧಗಳು ಎರಡು ತಾಲ್ಲೂಕುಗಳ ಖಾತೆಗೆ ಬೀಳುವ ಈ ವಿಚಿತ್ರವನ್ನು ಯಾವ ಸರಾಸರಿಯೂ ಹೇಳುವುದಿಲ್ಲ. ತಾಲ್ಲೂಕಿನ ಒಳಗೂ ಹೀಗೆಯೇ. ದೊಡ್ಡಿ, ತಾಂಡಾಗಳ ಸ್ಥಿತಿ ಬೇರೆ, ರಸ್ತೆಬದಿಯ ದೊಡ್ಡ ಊರಿನ ಸ್ಥಿತಿ ಬೇರೆ. ಗಂಡಸಿನ ಲೆಕ್ಕ ಬೇರೆ, ಹೆಂಗಸಿನ ಲೆಕ್ಕ ಬೇರೆ. ಜಿಲ್ಲೆಯ ಮರೆಯನ್ನು ಸರಿಸಿದ ತಾಲ್ಲೂಕೇ ತನ್ನೊಳಗಿನ ಊರುಗಳಿಗೆ ಇನ್ನೊಂದು ಮರೆಯಾಗಬಲ್ಲದು.

ಇನ್ನೊಂದು ಅಪಾಯವೂ ಉಂಟು. 'ಅತ್ಯಂತ ಹಿಂದುಳಿದ' ಎಂಬ ಮಾತು ಅನುದಾನವನ್ನು ತರುವ ಪತ್ರವಾಗಿ ಹುಟ್ಟಿ, ಹಣೆಯ ಬರಹವಾಗಿ ನಿಂತುಬಿಡಬಹುದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದ ಮೇಲೆ ದೇವದುರ್ಗದ ಎಷ್ಟೋ ಹೊಲಗಳ ಬಣ್ಣ ಬದಲಾಗಿದೆ. ಆದರೂ ಸಭೆಗಳಲ್ಲಿ ಇಂದಿಗೂ 2002ರ ಅಂಕವನ್ನೇ ಮಂತ್ರದಂತೆ ಪಠಿಸುವುದನ್ನು ಕೇಳುತ್ತೇವೆ. ಹಳೆಯ ಪ್ರಮಾಣದಿಂದ ಹೊಸ ವಾದವನ್ನು ಗೆಲ್ಲಲು ಹೊರಡುವವನು ಎದುರಾಳಿಯ ಕೈಗೆ ತಾನೇ ಕೋಲು ಕೊಟ್ಟಂತೆ. 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೊಂದು ನೇಮಕಗೊಂಡದ್ದು ಈ ದೃಷ್ಟಿಯಿಂದ ಸಹಜವಾದ ಕ್ರಮ.

ಪ್ರಮಾಣವಿದ್ದೂ ಫಲಿಸದ ಸಂದರ್ಭವನ್ನೂ ಇಲ್ಲಿ ಮರೆಯುವಂತಿಲ್ಲ. ರಾಯಚೂರಿನಲ್ಲಿ ಐ.ಐ.ಟಿ. ಸ್ಥಾಪಿಸಬೇಕೆಂದು ನಂಜುಂಡಪ್ಪ ಸಮಿತಿ ಶಿಫಾರಸು ಮಾಡಿತ್ತು. 2016ರಲ್ಲಿ ಅದು ಆರಂಭವಾದುದು ಧಾರವಾಡದಲ್ಲಿ. ಧಾರವಾಡಕ್ಕೂ ತನ್ನದೇ ಆದ ಯುಕ್ತಿಯಿತ್ತು: ಹಳೆಯ ವಿದ್ಯಾಕೇಂದ್ರ, ಸಮೀಪದ ವಿಮಾನ ನಿಲ್ದಾಣ, ಸಿದ್ಧವಾದ ಸೌಕರ್ಯ. ಸೌಕರ್ಯವಿದ್ದಲ್ಲಿಗೆ ಸಂಸ್ಥೆ ಹೋಗಬೇಕೆ, ಸಂಸ್ಥೆಯಿಂದ ಸೌಕರ್ಯ ಬರಬೇಕಾದಲ್ಲಿಗೆ ಹೋಗಬೇಕೆ ಎಂಬ ಪ್ರಶ್ನೆಗೆ ಅಂಕಿಗಳು ಉತ್ತರ ಹೇಳುವುದಿಲ್ಲ. ಅದು ಮೌಲ್ಯದ ಪ್ರಶ್ನೆ. ರಾಯಚೂರಿಗೆ 2019ರಲ್ಲಿ ಐ.ಐ.ಐ.ಟಿ. ದೊರೆತರೂ ಕೊರಗು ಆರಲಿಲ್ಲ. 2022ರ ಮೇ ತಿಂಗಳಲ್ಲಿ ಏಮ್ಸ್ ಆಸ್ಪತ್ರೆಗಾಗಿ ಆರಂಭವಾದ ಧರಣಿ ವರ್ಷಗಟ್ಟಲೆ ಮುಂದುವರಿಯಿತು. ಮಾನುಷ ಪ್ರಮಾಣಗಳು ಇಲ್ಲದ ಕಡೆ ದಿವ್ಯ ಎಂದು ಮಿತಾಕ್ಷರಾಕಾರನು ಹೇಳಿದ್ದನು. ಪ್ರಮಾಣ ಇದ್ದೂ ಕೇಳುವವರಿಲ್ಲದಾಗ ಜನರು ಬಿಸಿಲಿನಲ್ಲಿ ಕುಳಿತು ತಮ್ಮ ದೇಹವನ್ನೇ ದಿವ್ಯಕ್ಕೆ ಒಡ್ಡುತ್ತಾರೆ.

ಸಂಶಯವೆಂಬ ಆಯುಧ

ಪ್ರಮಾಣವನ್ನು ನಿರಾಕರಿಸುವ ಇನ್ನೂ ಸೂಕ್ಷ್ಮವಾದ ಮಾರ್ಗವೊಂದಿದೆ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 1954ರಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಈ ವಿಷಯ ಇನ್ನೂ ನಿರ್ಣಯವಾಗಿಲ್ಲವೆಂದು ಸಾರಿದವು. ಅವು ಸತ್ಯವನ್ನು ಸೋಲಿಸಬೇಕಾಗಿರಲಿಲ್ಲ; ನಿರ್ಣಯವನ್ನು ಮುಂದೂಡಿದರೆ ಸಾಕಾಗಿತ್ತು.

ಕನ್ನಡಿಗರಿಗೆ ಇದರ ನೋವು ಕಾಸರಗೋಡಿನಲ್ಲಿ ತಿಳಿಯಿತು. ಅಲ್ಲಿಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗಿಂತ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆಗಳ ಕಡೆಯ ಮಕ್ಕಳಲ್ಲಿ ಕಾಣಿಸಿಕೊಂಡ ಅಂಗವಿಕಲತೆ, ನರರೋಗಗಳನ್ನು ಮೊದಲು ಗಮನಿಸಿದವರು ಹಳ್ಳಿಯ ವೈದ್ಯರು. ಅದನ್ನು ಲೋಕಕ್ಕೆ ತಿಳಿಸಿದವರಲ್ಲಿ ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಪ್ರಮುಖರು. 2002ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ವಿಷ ಬಿದ್ದ ಊರಿನ ಮಕ್ಕಳನ್ನು ವಿಷ ಬೀಳದ ಊರಿನ ಮಕ್ಕಳೊಡನೆ ಹೋಲಿಸಿ ಎಂಡೋಸಲ್ಫಾನಿನತ್ತ ಬೆರಳು ತೋರಿತು. ಮರುವರ್ಷ ಕೃಷಿ ಇಲಾಖೆಯ ಕಡೆಯ ಸಮಿತಿಯೊಂದು ಸಂಬಂಧವೇ ಇಲ್ಲವೆಂದಿತು. ಎರಡು ವರದಿಗಳ ನಡುವೆ ವರ್ಷಗಳು ಸರಿದವು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ನಿಷೇಧಿಸುವ ನಿರ್ಧಾರಕ್ಕೆ ಬಂದವು; ಮರುತಿಂಗಳು ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದನ್ನು ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಗಳ ಪರಿಹಾರ ನೀಡಬೇಕೆಂದು ಆಜ್ಞಾಪಿಸಿತು.

ವಿಜ್ಞಾನದಲ್ಲಿ ಸಂಶಯಕ್ಕೆ ಮರ್ಯಾದೆಯ ಸ್ಥಾನವಿದೆ, ಅದಿಲ್ಲದೆ ವಿಜ್ಞಾನವಿಲ್ಲ. ಆದರೆ ತಿಳಿಯುವುದಕ್ಕಾಗಿ ಪಡುವ ಸಂಶಯ ಬೇರೆ, ತಡೆಯುವುದಕ್ಕಾಗಿ ಹೂಡುವ ಸಂಶಯ ಬೇರೆ. ಮೊದಲನೆಯದು ಯಾವ ಪ್ರಮಾಣ ಸಿಕ್ಕಿದರೆ ತಾನು ಒಪ್ಪುವೆನೆಂದು ಮುಂಚೆಯೇ ಹೇಳುತ್ತದೆ. ಎರಡನೆಯದು ಯಾವುದು ಸಿಕ್ಕಿದರೂ ಇನ್ನೊಂದನ್ನು ಕೇಳುತ್ತದೆ.

ಕನ್ನಡಿ ಹಿಡಿಯುವವರು

ಈ ಎರಡನ್ನು ಬೇರ್ಪಡಿಸುವ ವಿವೇಕ ಎಲ್ಲಿ ಬೆಳೆಯಬೇಕು? ಶಾಲಾ ಕಾಲೇಜುಗಳಲ್ಲಿಯೇ ಅಲ್ಲವೆ? ನಮ್ಮ ಚರ್ಚಾಸ್ಪರ್ಧೆಗಳನ್ನು ನೋಡಿದರೆ ನಿರಾಶೆಯಾಗುತ್ತದೆ. ವಿಷಯದ ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಐದು ನಿಮಿಷ ಗುಡುಗಿ, ಸುಭಾಷಿತವೊಂದರಿಂದ ಮುಗಿಸಿದವನಿಗೆ ಬಹುಮಾನ. 'ಇದನ್ನು ನಿನಗೆ ಹೇಳಿದವರು ಯಾರು? ಅವರಿಗೆ ತಿಳಿದುದು ಹೇಗೆ?' ಎಂದು ತೀರ್ಪುಗಾರರು ಕೇಳುವುದನ್ನು ಕಂಡವರು ಕಡಿಮೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇದಕ್ಕೆ ಹೆಚ್ಚು ಹೊಣೆಗಾರರು. ಪಾಠಾಂತರಗಳನ್ನು ತೂಗಿ ನೋಡುವುದು, ಶಾಸನದ ಸವೆದ ಅಕ್ಷರವನ್ನು ಊಹೆಯಿಂದ ತುಂಬುವಾಗ ಅದನ್ನು ಆವರಣದೊಳಗಿಟ್ಟು ಊಹೆಯೆಂದು ಸೂಚಿಸುವುದು ನಮ್ಮ ವಿದ್ವತ್ತಿನ ಸಂಪ್ರದಾಯ. ಆ ಪ್ರಾಮಾಣಿಕತೆಯನ್ನು ಸಭೆಯ ಮಾತಿಗೂ ತರುವುದು ಅಸಾಧ್ಯವೇನಲ್ಲ.

ಭಾಷೆಯ ಪ್ರಶ್ನೆಯೂ ಇದರಲ್ಲಿ ಸೇರಿದೆ. ವರದಿಯ ಮಾತು ಒಂದು ಭಾಷೆಯಲ್ಲಿ, ಬೇಡಿಕೆಯ ಮಾತು ಇನ್ನೊಂದು ಭಾಷೆಯಲ್ಲಿ ಇರುವವರೆಗೆ ಪ್ರಮಾಣವು ಪಂಡಿತರ ಸ್ವತ್ತಾಗಿ, ವಾದವು ಭಾಷಣಕಾರರ ಸ್ವತ್ತಾಗಿ ಉಳಿಯುತ್ತದೆ. ಸೂಚ್ಯಂಕವೆಂದರೇನು, ಸರಾಸರಿಯೆಂದರೇನು, ಹೋಲಿಕೆಯ ಊರೊಂದನ್ನು ಏಕೆ ಆರಿಸಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಹಳ್ಳಿಯ ಗ್ರಂಥಾಲಯಕ್ಕೆ ಮುಟ್ಟಿಸುವುದು ಕಾವ್ಯಮೀಮಾಂಸೆಯ ಲೇಖನಕ್ಕಿಂತ ಕಡಿಮೆಯ ಸಾಹಿತ್ಯ ಸೇವೆಯಲ್ಲ.

ಎಣಿಸುವ ಕೆಲಸ ರಾಜಧಾನಿಯಿಂದ ಬಂದವರದೇ ಆಗಬೇಕೆಂದೂ ಇಲ್ಲ. ಬೇಸಗೆಯಲ್ಲಿ ಊರಿನ ಎಷ್ಟು ಬಾಗಿಲುಗಳಿಗೆ ಬೀಗ ಬಿದ್ದಿದೆ; ಹಾಜರಿಯಲ್ಲಿ ಹೆಸರಿದ್ದೂ ತರಗತಿಯಲ್ಲಿಲ್ಲದ ಮಕ್ಕಳೆಷ್ಟು; ಹೆರಿಗೆಗೆ ಎಷ್ಟು ದೂರ ಹೋಗಬೇಕು; ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ: ಇವನ್ನು ಅರಕೇರಾದ ವಿದ್ಯಾರ್ಥಿಗಳು ವರ್ಷವರ್ಷವೂ ಒಂದೇ ಕ್ರಮದಲ್ಲಿ ಎಣಿಸಿ, ದಿನಾಂಕ ಹಾಕಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಯಾವ ಸಮಿತಿಯೂ ಪಕ್ಕಕ್ಕೆ ಸರಿಸಲಾಗದ ಲಿಖಿತವೊಂದು ಸಿದ್ಧವಾಗುತ್ತದೆ. ಸ್ಥಿತಿ ಸುಧಾರಿಸಿದ್ದರೆ ಅದೂ ಅದರಲ್ಲಿ ಕಾಣಬೇಕು. ತನಗೆ ಅನುಕೂಲವಲ್ಲದ ಅಂಕಿಯನ್ನೂ ಬರೆಯುವವನ ಮಾತಿಗೆ ಬೆಲೆ ಹೆಚ್ಚು.

ಹುಣ್ಣು ನಮ್ಮ ಅಂಗೈಯಲ್ಲಿದೆ. ಕನ್ನಡಿಯನ್ನೂ ನಾವೇ ಹಿಡಿಯುವುದನ್ನು ಕಲಿತರೆ, ಅದು ಇತರರಿಗೆ ಕಾಣುವುದರ ಜೊತೆಗೆ, ಎಷ್ಟು ಮಾಗಿದೆ, ಎಷ್ಟು ಉಳಿದಿದೆ ಎಂಬುದು ನಮಗೂ ತಿಳಿಯುತ್ತದೆ.